ಮುನಿಶಾಮಪ್ಪನ ಬಲಗೈ, ಶ್ಯಾಮಣ್ಣನ ಡಬ್ಬಿ

ಹುಟ್ಟೂರು ಗುಮ್ಮಳಾಪುರದವರ ಲೆಕ್ಕದಲ್ಲಿ ಮುನಿಶಾಮಪ್ಪ ಇನ್ಸ್‌ಪೆಕ್ಟರ್. ಯಾವ ಇನ್ಸ್‌ಪೆಕ್ಟರ್ ಎಂದು ಊರಿನಲ್ಲಿ ಯಾರೂ ಬಿಡಿಸಿ ಕೇಳಿರಲಿಲ್ಲ. ಅವನೂ ಬಿಡಿಸಿ ಹೇಳಿರಲಿಲ್ಲ. ತಳಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಬೇಡವೆನ್ನದೆ ಕೂತುಕೊಳ್ಳುತ್ತಿದ್ದ, ಅಷ್ಟೆ.

ನಿಜವಾಗಿ ಅವನು ಹೊಸೂರಿನ ಮೂಕಂಡಪಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ತಿರುಗುವ ಅಚ್ಚಿಗೆ ತೊಡಿಸುವ ಹಿತ್ತಾಳೆಯ ಬುಶ್ ಮಾಡುವ ಸಣ್ಣದೊಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಬುಶ್ಶುಗಳ ತೂತಿಗೆ ಅಳತೆಯ ಗೇಜು ತೂರಿಸಿ ನೋಡುವುದು ಅವನ ಕೆಲಸ. ಸರಿಯಾಗಿ ತೂರಿದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ, ತಿದ್ದಿದರೆ ಸರಿಹೋದೀತು ಎನ್ನುವಂತಿದ್ದರೆ ಹಳದಿ. ಇದರ ಜೊತೆಗೆ ಮೆಷೀನುಗಳ ಸೆಟ್ಟಿಂಗ್ ನೋಡುವ ಅಧಿಕಾರವೂ ಅವನದೇ. ಒಂದು ಮೆಷೀನಿನ ಸೆಟ್ಟಿಂಗ್ ಸರಿಯಾಯಿತೆಂದು ಅವನಿಗೆ ಅನಿಸಿದ ಮೇಲೆ, ಆ ತಿರುಪಿನ ತಲೆಗೆ ಕೆಂಪು ಬಣ್ಣದ ಒಂದು ತೊಟ್ಟು ಬಿಡುತ್ತಿದ್ದ. ಬಣ್ಣ ಒಣಗಿತೆಂದರೆ ಮುಗಿಯಿತು, ಆ ತಿರುಪನ್ನು ಇನ್ನು ಯಾರೂ ಮುಟ್ಟುವಂತಿಲ್ಲ. ಮ್ಯಾನೇಜರಿಗೂ ಅದನ್ನು ಮುಟ್ಟುವ ಧೈರ್ಯವಿಲ್ಲ ಎಂದು ಮುನಿಶಾಮಪ್ಪ ಹೇಳಿಕೊಳ್ಳುತ್ತಿದ್ದ. ಅಂಥದ್ದೊಂದು ತಿರುಪು ಇದೆ ಎಂಬುದೇ ಮ್ಯಾನೇಜರಿಗೆ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಈ ಕೆಂಪು ಬಣ್ಣದ ಪುಟ್ಟ ಡಬ್ಬ ಮನೆಗೂ ಬಂದಿತ್ತು. ಬಾಡಿಗೆಮನೆಯ ಸೀಮೆಣ್ಣೆ ಸ್ಟೌವಿನ ತಿರುಗಣೆಗೆ ಒಂದು ಬೊಟ್ಟು, ಗೋಡೆ ಗಡಿಯಾರದ ಹಿಂದೆ ಒಂದು ಬೊಟ್ಟು, ಕಿಟಕಿಯ ಬಾಗಿಲು ಎಷ್ಟು ತೆರೆದರೆ ಗಾಳಿ ಸಾಕು ಎನ್ನುವುದಕ್ಕೆ ಚೌಕಟ್ಟಿನ ಮೇಲೆ ಒಂದು ಬೊಟ್ಟು. ಹೆಂಡತಿ ಗೋವಿಂದಮ್ಮ ಹೊಸದರಲ್ಲಿ ಜಗಳವಾಡಿದಳು. ಆಮೇಲೆ ಬೊಟ್ಟಿನ ಪಾಡಿಗೆ ಬೊಟ್ಟು, ತನ್ನ ಪಾಡಿಗೆ ತಾನು ಎಂದು ಸ್ಟೌವನ್ನು ಬೇಕಾದ ಹಾಗೆ ತಿರುಗಿಸಿಕೊಂಡು ಅಡುಗೆ ಮಾಡುತ್ತಿದ್ದಳು. ಅವನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಸ್ಟೌವನ್ನು ಮತ್ತೆ ಬೊಟ್ಟಿಗೆ ತಂದು ನಿಲ್ಲಿಸಿರುತ್ತಿದ್ದಳು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮುನಿಶಾಮಪ್ಪನಿಗೆ ಇನ್ನೊಂದು ಹುದ್ದೆಯೂ ಇತ್ತು. ಹೊಸೂರಿನ ಶ್ಯಾಮಣ್ಣನ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್. ಶ್ಯಾಮಣ್ಣನದು ಬಸ್ ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ. ಹಗಲು ಪ್ಯಾಂಟು ಹೊಲಿಯುತ್ತಿದ್ದ, ಲಗ್ನದ ದಿನಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹಾಡುತ್ತಿದ್ದ. ಮೂರರಲ್ಲೂ ಒಂದೇ ಜಾಗದಲ್ಲಿ ಕೆಮ್ಮುತ್ತಿದ್ದ. ಪಾರ್ಟಿಯಲ್ಲಿ ಎಂಟು ಜನ, ಎಂಟು ಜನಕ್ಕೂ ಶ್ಯಾಮಣ್ಣನೇ ಹೊಲಿದ ನೇರಳೆ ಬಣ್ಣದ ಕೋಟು. ಮುನಿಶಾಮಪ್ಪ ಕಲ್ಕತ್ತಾದಲ್ಲಿ ಮಾಡಿದ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು, ಡ್ರಮ್ಮಿನ ಪಕ್ಕ ಎರಡನೇ ಸಾಲಿನಲ್ಲಿ ನಿಂತು, ಎಪ್ಪತ್ತಾರನೇ ಇಸವಿಯಿಂದ ಒಂಬತ್ತು ವರ್ಷ ಜಗ್-ಚಕ್ ಜಗ್-ಚಕ್ ಎಂದು ತಾಳ ಹಿಡಿದು ಮೀಟಿದ್ದ. ಮೊದಲನೇ ಹಾಡಿನ ಮೊದಲನೇ ಮೀಟಿಗೂ ಮಂಗಳದ ಕೊನೆಯ ಮೀಟಿಗೂ ಒಂದು ಕೂದಲೆಳೆ ವ್ಯತ್ಯಾಸವಿರುತ್ತಿರಲಿಲ್ಲ. ಅದೇ ಅವನ ಹೆಮ್ಮೆ.

"ಮುನಿಶಾಮಿ ಕೈ ಅಂದ್ರೆ ಹೊಲಿಗೆ ಮಿಷನ್ನು ಕಣ್ಲಾ," ಎಂದು ಶ್ಯಾಮಣ್ಣ ಹೊಸಬರಿಗೆ ಹೇಳುತ್ತಿದ್ದ. ಟೈಲರಿನ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದು ಬರುವುದಿಲ್ಲ. ಮುನಿಶಾಮಪ್ಪ ಅದನ್ನು ತಲೆ ತಗ್ಗಿಸಿ ಸ್ವೀಕರಿಸುತ್ತಿದ್ದ. ವಾರಕ್ಕೆ ಆರು ದಿನ ಅವನು ಕಾರ್ಖಾನೆಯವನು. ಆ ಕೋಟು ತೊಟ್ಟು ಸ್ಟೇಜಿನ ಮೇಲೆ ನಿಂತಾಗ ಮಾತ್ರ ತಾನು ಇಂಥವನು ಎಂದು ಅವನಿಗೆ ಸ್ವಲ್ಪ ಅನಿಸುತ್ತಿತ್ತು.

ಸ್ವಲ್ಪ ಎನ್ನುವುದನ್ನು ಒತ್ತಿ ಹೇಳಬೇಕು. ಯಾಕೆಂದರೆ ಎಂಬತ್ತೈದನೇ ಇಸವಿಯ ಆ ದಿನಗಳಲ್ಲಿ ಅವನಿಗೆ ಏನೂ ಹೆಚ್ಚಾಗಿ ಅನಿಸುತ್ತಿರಲಿಲ್ಲ. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಊರಿನಲ್ಲಿ ಅವನ ಅಪ್ಪ ಮುತ್ತರಾಯಪ್ಪ ತೀರಿಕೊಂಡ. ಮುನಿಶಾಮಪ್ಪ ಹೋಗಿ ಗುಂಡಿಯ ಉದ್ದ ಅಗಲ ನೋಡಿದ, ಒಂದು ಮೂಲೆ ಓರೆಯಾಗಿದೆ ಎಂದು ಸರಿಮಾಡಿಸಿದ, ಹನ್ನೊಂದು ದಿನದ ಕಾರ್ಯವನ್ನು ಒಂದೂ ಲೋಪವಿಲ್ಲದಂತೆ ಮುಗಿಸಿದ. "ಒಂದ್ ತೊಟ್ಟು ಕಣ್ಣೀರು ಬರ್ಲಿಲ್ವಲ್ಲೋ ನಿಂಗೆ, ಕಲ್ಲು ಆಗ್ಬುಟ್ಯಾ?" ಎಂದು ಸೋದರತ್ತೆ ಅಕ್ಕಯಮ್ಮ ಎಲ್ಲರೆದುರಿಗೆ ಕೇಳಿದಳು. ಅವನಿಗೆ ಕೋಪವೂ ಬರಲಿಲ್ಲ. ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರ್ ಹುಡುಕುವ ಹಾಗೆ ಒಳಗೆ ಕೈಹಾಕಿ ದುಃಖವನ್ನು ಹುಡುಕಿದ. ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ಮೂರನೇ ದಿನದ ಊಟ, ಹನ್ನೊಂದನೇ ದಿನದ ಊಟ, ಕಾರ್ಖಾನೆಯ ಕ್ಯಾಂಟೀನಿನ ಊಟ, ಎಲ್ಲದಕ್ಕೂ ಒಂದೇ ರುಚಿ. ತಿಂದ, ಕೆಲಸಕ್ಕೆ ಬಂದ, ಗೇಜು ತೂರಿಸಿದ.

ಹೀಗಿರುವಾಗ ಏಪ್ರಿಲ್ ತಿಂಗಳ ಒಂದು ಸಂಜೆ ಶ್ಯಾಮಣ್ಣ ಅವನನ್ನು ಅಂಗಡಿಗೆ ಕರೆಸಿಕೊಂಡ. ಕತ್ತರಿ, ಸೀಮೆಸುಣ್ಣದ ನಡುವೆ, ಕತ್ತರಿಸಿಟ್ಟ ಬಟ್ಟೆಗಳ ಮೇಲೆ ಹಳದಿ ಬಣ್ಣದ ಒಂದು ತಗಡಿನ ಡಬ್ಬಿ ಕೂತಿತ್ತು. ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮೇಲೆ ಎರಡು ತಿರುಗಣೆ, ಒಂದು ಸ್ವಿಚ್ಚು, ಆನ್-ಆಫ್ ಮಾಡಲು ಒಂದು ಗುಂಡಿ.

"ಮದ್ರಾಸಿನ ಬರ್ಮಾ ಬಜಾರಿಂದ ತರ್ಸಿದೀನಿ. ಗಿಟಾರಿಗೆ ಸಿಕ್ಸೋದು, ಆಟೋ-ವಾ ಅಂತಾರೆ," ಎಂದ ಶ್ಯಾಮಣ್ಣ. "ಕಾಲಲ್ಲಿ ತುಳಿದು ತುಳಿದು ವಾವ್ ಅನ್ಸೋದು ಇನ್ನೊಂದೈತೆ. ಇದಕ್ಕೆ ಕಾಲು ಬ್ಯಾಡ. ತಂತಿ ಮೀಟಿದ್ರೆ ತಾನೇ ಬಾಯಿ ತೆಗೀತದೆ."

"ಯಾಕಣ್ಣಾ ಇದು?"

ಶ್ಯಾಮಣ್ಣ ಅಳತೆ ಟೇಪನ್ನು ಕೊರಳಿಂದ ತೆಗೆದು ಪಕ್ಕಕ್ಕಿಟ್ಟ. ಗಂಭೀರ ಮಾತಿದ್ದರೆ ಅವನು ಹಾಗೆ ಮಾಡುತ್ತಿದ್ದ. ಕೃಷ್ಣಗಿರಿಯ ಮಾವಿನ ಮಂಡಿ ರಾಮಕೃಷ್ಣಪ್ಪನವರ ಮಗಳ ಮದುವೆ, ಬರುವ ತಿಂಗಳು. ಅವರು ಬೆಂಗಳೂರಿನಲ್ಲಿ ಯಾರದೋ ರಿಸೆಪ್ಷನ್ನಿಗೆ ಹೋಗಿದ್ದಾಗ ಅಲ್ಲಿನ ಆರ್ಕೆಸ್ಟ್ರಾದ ಗಿಟಾರು ಮನುಷ್ಯರ ಹಾಗೆ ಮಾತಾಡಿತಂತೆ. "ಗಿಟಾರ್ ಪೇಸಣುಂ" ಎಂದು ತಮಿಳಿನಲ್ಲಿ ಅಪ್ಪಣೆಯಾಗಿದೆ. ಗಿಟಾರು ಮಾತಾಡಬೇಕು. ಮಾತಾಡುವುದಾದರೆ ಶ್ಯಾಮಣ್ಣನ ಪಾರ್ಟಿ, ಇಲ್ಲವಾದರೆ ಬೇರೆ ಪಾರ್ಟಿ.

"ಮೂರು ವಾರ ಟೈಮೈತೆ. ಮಾತಾಡುಸ್ಬುಟ್ಟೆ ಅಂದ್ರೆ ನೀನು. ಆಗ್ಲಿಲ್ಲ ಅಂದ್ರೆ ಬೆಂಗ್ಳೂರಿಂದ ಒಬ್ಬನ್ನ ಕರುಸ್ಬೇಕಾಯ್ತದೆ. ಕರುಸಿದ್ ಮ್ಯಾಕೆ ಅವನೇ ಪರ್ಮನೆಂಟು. ಬ್ಯಾಸರ ಮಾಡ್ಕೋಬ್ಯಾಡ ಕಣ್ಲಾ. ಇಬ್ರು ಗಿಟಾರಿಗೆ ಸ್ಟೇಜಲ್ಲಿ ಜಾಗ ಇಲ್ಲ. ಕೋಟೂ ಎಂಟೇ."

"ಎರಡು ತಿರುಗಣೆ ತಾನೇ ಅಣ್ಣಾ," ಎಂದ ಮುನಿಶಾಮಪ್ಪ. "ಸೆಟ್ಟಿಂಗ್ ಅಂದ್ ಮ್ಯಾಲೆ ಅದು ಎಲ್ಲೋ ಒಂದ್ ಕಡೆ ಇದ್ದೇ ಇರ್ತದೆ. ಹುಡುಕೋದು ನಂಗ್ ಬುಡು."

ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ. ಜೊತೆಗಿದ್ದ ಕಾಗದದಲ್ಲಿ ಮುಕ್ಕಾಲು ಪಾಲು ಜಪಾನಿ ಅಕ್ಷರ, ಕೆಳಗೆ ನಾಲ್ಕೈದು ಸಾಲು ಇಂಗ್ಲಿಷು. ಮೊದಲನೇ ತಿರುಗಣೆ ಸೆನ್ಸಿಟಿವಿಟಿ, ಅಂದರೆ ಎಷ್ಟು ಮೀಟಿದರೆ ಡಬ್ಬಿಗೆ ಎಚ್ಚರವಾಗುತ್ತದೆ ಎನ್ನುವುದು. ಎರಡನೆಯದು ಪೀಕ್, ಎಚ್ಚರವಾದ ಮೇಲೆ ಎಷ್ಟು ಗಟ್ಟಿಯಾಗಿ ವಾವ್ ಎನ್ನುತ್ತದೆ ಎನ್ನುವುದು. ಸ್ವಿಚ್ಚು ಮೇಲಿದ್ದರೆ ಮುಚ್ಚಿದ ಬಾಯಿ ತೆರೆಯುತ್ತದೆ, ಕೆಳಗಿದ್ದರೆ ತೆರೆದ ಬಾಯಿ ಮುಚ್ಚುತ್ತದೆ. ಕೊನೆಯ ಸಾಲಿನಲ್ಲಿ, ಮೀಟಿನ ಜೋರಿಗೆ ತಕ್ಕಂತೆ ಶಬ್ದ ಬದಲಾಗುತ್ತದೆ ಎಂದಿತ್ತು. ಮುನಿಶಾಮಪ್ಪ ಆ ಸಾಲಿನ ಕೆಳಗೆ ಗೆರೆ ಎಳೆದ. ಇದೊಂದು ದೋಷ, ಮೀಟು ಒಂದೇ ಸಮ ಇರುವಂತೆ ನೋಡಿಕೊಳ್ಳಬೇಕು ಎಂದು ಎಚ್ಚರಿಸಿದ್ದಾರೆ ಎಂದುಕೊಂಡ. ಅಷ್ಟು ಬುದ್ಧಿ ಜಪಾನಿನವರಿಗೆ ಇರುವುದನ್ನು ಕಂಡು ಅವರ ಮೇಲೆ ಅವನಿಗೆ ಗೌರವ ಮೂಡಿತು.

ಭಾನುವಾರ ಊಟವಾದ ಮೇಲೆ ಶುರುಮಾಡಿದ. ಮನೆಯಲ್ಲಿ ಆಂಪ್ಲಿಫೈಯರ್ ಇರಲಿಲ್ಲ. ಅಪ್ಪನ ಕಾಲದ ವಾಲ್ವ್ ರೇಡಿಯೋದ ಹಿಂದೆ ಗ್ರಾಮಫೋನಿಗೆಂದು ಬಿಟ್ಟಿದ್ದ ತೂತಿಗೆ ವೈರು ಸಿಕ್ಕಿಸಿದರೆ ಗಿಟಾರು ರೇಡಿಯೋದಲ್ಲಿ ಕೇಳಿಸುತ್ತಿತ್ತು. ಗಿಟಾರಿನಿಂದ ಡಬ್ಬಿಗೆ, ಡಬ್ಬಿಯಿಂದ ರೇಡಿಯೋಗೆ. ಮಂಚದ ಮೇಲೆ ಕೂತು, ಕಾರ್ಖಾನೆಯ ಗ್ರಾಫ್ ಕಾಗದ ಹರಡಿಕೊಂಡ. ತಿರುಗಣೆಯನ್ನು ಗಡಿಯಾರದ ಮುಖವೆಂದು ಎಣಿಸಿ, ಏಳು ಗಂಟೆಯಿಂದ ಐದು ಗಂಟೆಯವರೆಗೆ ಅರ್ಧರ್ಧ ಗಂಟೆಗೆ ಒಂದರಂತೆ ನಿಲ್ಲಿಸಿ, ಒಂದೊಂದಕ್ಕೂ ಇಪ್ಪತ್ತು ಮೀಟು ಮೀಟಿ ಬರೆದುಕೊಂಡ.

"ಎಂಟು ಗಂಟೆ: ಬಾಯಿ ತೆರೆಯಲಿಲ್ಲ. ಕಂಬಳಿ ಹೊದ್ದವರು ಮಾತಾಡಿದಂತೆ. ಒಂಬತ್ತೂವರೆ: ತುಟಿ ಅಲುಗಿತು. ಹನ್ನೊಂದು: ಆ ಎನ್ನುತ್ತಿದೆ, ವಾ ಎನ್ನುತ್ತಿಲ್ಲ. ಒಂದು ಗಂಟೆ: ತೆರೆದ ಬಾಯಿ ಮುಚ್ಚಲಿಲ್ಲ. ಮೂರು ಗಂಟೆ: ತಗಡು."

ಎರಡನೇ ತಿರುಗಣೆ ಕಡಿಮೆ ಇಟ್ಟರೆ ನೆಗಡಿಯಾದವರ ಧ್ವನಿ, ಜಾಸ್ತಿ ಇಟ್ಟರೆ ಬಾತುಕೋಳಿ. ಒಂದು ತಂತಿ ಮೀಟಿದರೆ ಸರಿಹೋದದ್ದು ಆರು ತಂತಿ ಸೇರಿಸಿ ಮೀಟಿದರೆ ಕೆಡುತ್ತಿತ್ತು, ಒಳಗೆ ಹೋಗುವ ಸದ್ದು ಹೆಚ್ಚಾಗಿ ಡಬ್ಬಿಗೆ ಕಣ್ಣು ಕೋರೈಸಿದಂತಾಗುತ್ತಿತ್ತು. ಗಿಟಾರಿನ ಸ್ವಂತ ವಾಲ್ಯೂಮು ಒಂದಿಷ್ಟು ಅಲುಗಿದರೆ ಇಡೀ ಕೋಷ್ಟಕ ತಪ್ಪು. ಆದ್ದರಿಂದ ಗಿಟಾರಿನ ವಾಲ್ಯೂಮಿಗೆ ಕೆಂಪು ಬೊಟ್ಟು ಬಿತ್ತು. ಬ್ಯಾಟರಿ ಇಳಿದರೂ ತಪ್ಪು ಎಂದು ಎರಡನೇ ವಾರ ಗೊತ್ತಾಗಿ, ಹೊಸ ಬ್ಯಾಟರಿ ಹಾಕಿ ಮೊದಲಿನಿಂದ ಬರೆದ. ಮೂರು ಹಾಳೆ ತುಂಬಿತು. ಯಾವ ಹಾಳೆಯಲ್ಲೂ ಗಿಟಾರು ಮಾತಾಡಲಿಲ್ಲ. ಒಂದು ಸೆಟ್ಟಿಂಗಿನಲ್ಲಿ ಇಪ್ಪತ್ತು ಮೀಟಿಗೂ ಉಂ ಎನ್ನುವುದು, ಇನ್ನೊಂದರಲ್ಲಿ ಇಪ್ಪತ್ತಕ್ಕೂ ವಾ ಎನ್ನುವುದು.

ಎರಡನೇ ವಾರದ ಕೊನೆಯ ದಿನ, ಇನ್ನೂ ಬೆಳಕಿರುವಾಗ, ಗೋವಿಂದಮ್ಮನಿಗೆ ತಾಳ್ಮೆ ಮುಗಿಯಿತು. ಅವಳು ಮೂರು ಸಲ ಕರೆದಿದ್ದಳು. ಮುದ್ದೆ ಆರುತ್ತಿತ್ತು. ಮುನಿಶಾಮಪ್ಪ ಕಾಗದದ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದ, ಗಿಟಾರು ಮಂಚದ ಮೇಲೆ ಮಲಗಿತ್ತು. ಅವಳು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬೆರಳಿನಿಂದ ತಂತಿಯ ಮೇಲೆ ಒಂದೊಂದು ಮಾತಿಗೂ ಒಂದೊಂದು ಕುಟ್ಟಿದಳು.

"ಊಟಕ್ಕೆ. ಬತ್ತೀರಾ. ಇಲ್ಲ. ನಾಯಿಗ್ ಹಾಕ್ಲಾ!"

ರೇಡಿಯೋ ಮಾತಾಡಿತು. 'ಊಟಕ್ಕೆ' ಎನ್ನುವುದಕ್ಕೆ ಉವ್ ಎಂದಿತು. 'ಬತ್ತೀರಾ'ಗೆ ಸ್ವಲ್ಪ ಬಾಯಿ ಬಿಟ್ಟು ಓಯ್ ಎಂದಿತು. 'ಇಲ್ಲ' ಎಂಬುದನ್ನು ಗಂಟಲಲ್ಲೇ ನುಂಗಿತು. 'ನಾಯಿಗ್ ಹಾಕ್ಲಾ' ಎನ್ನುವಾಗ ಅವಳು ನಿಜವಾಗಿಯೂ ಸಿಟ್ಟಿನಿಂದ ಕುಟ್ಟಿದ್ದಳು. ಅದಕ್ಕೆ ಡಬ್ಬಿ ಬಾಯಿಯನ್ನು ಅಷ್ಟಗಲ ತೆರೆದು ವ್ವಾಆಆವ್ ಎಂದು ಪಕ್ಕದ ಮನೆಗೂ ಕೇಳಿಸುವಂತೆ ಕೂಗಿ, ನಿಧಾನವಾಗಿ ಮುಚ್ಚಿಕೊಂಡಿತು.



"ಮುಟ್ಬೇಡ! ಏನೂ ಮುಟ್ಬೇಡ!" ಎಂದು ಮುನಿಶಾಮಪ್ಪ ಡಬ್ಬಿಯ ಮೇಲೆ ಬಗ್ಗಿದ. ತಿರುಗಣೆ ಹತ್ತು ಗಂಟೆಯಲ್ಲಿತ್ತು. ಇನ್ನೊಂದು ಒಂದೂವರೆಯಲ್ಲಿ.

"ಮುಟ್ಟಾಯ್ತಲ್ಲ," ಎಂದಳು ಗೋವಿಂದಮ್ಮ. ಅವಳಿಗೆ ನಗು ಬಂದಿತ್ತು. "ನನ್ ಮಾತು ಅದಕ್ಕಾದ್ರೂ ಅರ್ತ ಆಯ್ತದೆ. ನೀವು ಬಾರ್ಸೋದು ಒಂದೇ ತರ ಇರ್ತದೆ ಕಣ್ರೀ, ಜೋರೂ ಇಲ್ಲ ಮೆತ್ತಗೂ ಇಲ್ಲ. ಯಾರ್ನಾದ್ರೂ ಬೈದಂಗೆ ಬಾರ್ಸಿ ನೋಡಿ."

ಮುನಿಶಾಮಪ್ಪ ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಂಗೀತದ ಗಂಧವಿಲ್ಲದವಳು ಕುಟ್ಟಿದರೂ ಮಾತಾಡಿತೆಂದರೆ ಸೆಟ್ಟಿಂಗ್ ಸಿಕ್ಕಿತೆಂದೇ ಅರ್ಥ. ಕಾರ್ಖಾನೆಯಲ್ಲಿ ಆಪರೇಟರ್ ಯಾರಾದರೇನು, ಸೆಟ್ಟಿಂಗ್ ಸರಿಯಿದ್ದರೆ ಬುಶ್ಶು ಸರಿಯಾಗಿಯೇ ಬರುತ್ತದೆ. ಇದೇ ಹತ್ತು ಗಂಟೆಯನ್ನು ಹದಿಮೂರು ದಿನದ ಹಿಂದೆ ತಾನೇ ನೋಡಿ, "ಪ್ರಯೋಜನವಿಲ್ಲ" ಎಂದು ಬರೆದದ್ದು ಒಂದನೇ ಹಾಳೆಯಲ್ಲೇ ಇತ್ತು. ಆ ಹಾಳೆಯನ್ನು ಅವನು ತಿರುಗಿಸಿ ನೋಡಲಿಲ್ಲ. ಬಣ್ಣದ ಡಬ್ಬ ತಂದ. ಮದುವೆಯ ಮನೆಯಲ್ಲಿ ಅರಿಶಿನ ಹಚ್ಚುವಷ್ಟು ಶ್ರದ್ಧೆಯಿಂದ ಎರಡು ತಿರುಗಣೆಗೂ ಸ್ವಿಚ್ಚಿಗೂ ಕೆಂಪು ಬೊಟ್ಟಿಟ್ಟ. ಒಣಗುವ ತನಕ ಊದಿದ. ಆಮೇಲೆ ಊಟಕ್ಕೆ ಎದ್ದ.

"ಒಂದ್ಸಲ ನೀವು ಬಾರ್ಸಿ ನೋಡೋದಲ್ವಾ?" ಎಂದಳು ಗೋವಿಂದಮ್ಮ.

"ಪಾಸಾದ ಪೀಸನ್ನ ಮತ್ತೆ ಮತ್ತೆ ಮುಟ್ಟಬಾರದು," ಎಂದ.

ರಿಹರ್ಸಲ್ಲು ಮದುವೆಗೆ ಐದು ದಿನ ಮುಂಚೆ, ಶ್ಯಾಮಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮೈಕ್ ಸೆಟ್ಟಿನ ಅಂಜನಪ್ಪ ಆಂಪ್ಲಿಫೈಯರ್ ಇಟ್ಟುಕೊಂಡು ಮೂಲೆಯಲ್ಲಿ ಬೀಡಿ ಸೇದುತ್ತಿದ್ದ. ಒಂಬತ್ತು ವರ್ಷದಿಂದ ಪಾರ್ಟಿಯ ಸೌಂಡು ನೋಡಿಕೊಳ್ಳುತ್ತಿದ್ದವನು ಅವನೇ, ಮಾತು ಕಡಿಮೆ. ಮುನಿಶಾಮಪ್ಪ ಡಬ್ಬಿಯನ್ನು ಟವೆಲಿನಿಂದ ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಸ್ಟೂಲಿನ ಮೇಲಿಟ್ಟ.

"ಸೆಟ್ಟಿಂಗ್ ಫೈನಲ್ಲು. ಸೀಲ್ ಮಾಡಿದೀನಿ," ಎಂದ. "ಯಾರೂ ಮುಟ್ಟಂಗಿಲ್ಲ."

"ಮುಟ್ಟಲ್ಲ ಕಣ್ಲಾ ನಮ್ಮಪ್ಪಾ, ಬಾರ್ಸು," ಎಂದ ಶ್ಯಾಮಣ್ಣ.

ಹಾಡು ಶುರುವಾಯಿತು. ಗಿಟಾರಿನ ಜಾಗ ಬಂತು. ಮುನಿಶಾಮಪ್ಪ ಮೀಟಿದ. ವಾ, ವಾ, ವಾ, ವಾ, ವಾ, ವಾ, ವಾ, ವಾ. ಎಂಟು ಮೀಟಿಗೂ ಅದೇ ಒಂದು ವಾ, ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ. ಇನ್ನೂ ಎಂಟು ಮೀಟಿದ. ಇನ್ನೂ ಎಂಟು ವಾ ಬಂದವು. ತಬಲಾದವನು ಕೈ ನಿಲ್ಲಿಸಿದ.

"ಏನ್ಲಾ ಇದು," ಎಂದ ಶ್ಯಾಮಣ್ಣ, "ಕೆರೆ ಏರಿ ಮ್ಯಾಲೆ ನಿಂತ್ಕೊಂಡಂಗೈತಲ್ಲ. ಮಾತಾಡ್ಸು ಅಂದ್ರೆ ಕಪ್ಪೆ ತಂದಿದೀಯಾ?"

"ನಮ್ಮನೇಲಿ ಮಾತಾಡ್ತು ಅಣ್ಣಾ. ಇದೇ ಸೆಟ್ಟಿಂಗು. ನನ್ ಹೆಂಡ್ರು ಕುಟ್ಟುದ್ಲು, ಮಾತಾಡ್ತು."

"ಅಂಗಾರೆ ಗೋವಿಂದಮ್ಮಂಗೇ ಒಂದ್ ಕೋಟ್ ಹೊಲೀಲಾ?"

ಎಲ್ಲರೂ ನಕ್ಕರು. ಮುನಿಶಾಮಪ್ಪ ನಗಲಿಲ್ಲ, ಬೇಸರವನ್ನೂ ಪಡಲಿಲ್ಲ. ಅವನೊಳಗಿನ ಇನ್ಸ್‌ಪೆಕ್ಟರ್ ಎದ್ದು ನಿಂತಿದ್ದ. ಗಿಟಾರನ್ನು ಕೊರಳಿಂದ ತೆಗೆದು ಶ್ಯಾಮಣ್ಣನ ಕೈಗೆ ಕೊಟ್ಟು, "ಬೈದಂಗೆ ಹೊಡಿ" ಎಂದ. ಶ್ಯಾಮಣ್ಣನಿಗೆ ಗಿಟಾರ್ ಹಿಡಿಯುವುದೂ ಗೊತ್ತಿಲ್ಲ. ಕಾಲರಿಗೆ ಬಟ್ಟೆ ಕಮ್ಮಿ ಕೊಟ್ಟ ಗಿರಾಕಿಯನ್ನು ನೆನೆಸಿಕೊಂಡು ಎರಡೇಟು ಹೊಡೆದ. ಡಬ್ಬಿ ವ್ವಾವ್ ಎಂದು ಒದರಿ, ಎರಡನೆಯದಕ್ಕೆ ಗೊಣಗಿತು. ಆಮೇಲೆ ಅಂಜನಪ್ಪನನ್ನು ಕರೆದ. ಅಂಜನಪ್ಪ ಬೀಡಿ ಹಿಡಿದ ಕೈಯಿಂದಲೇ ಒಂದು ಸಲ ಮೆತ್ತಗೆ, ಒಂದು ಸಲ ಗಟ್ಟಿಯಾಗಿ ಎಳೆದ. ಡಬ್ಬಿ ಹೂಂ ಎಂದು, ಆಮೇಲೆ ವಾ ಎಂದಿತು, ಯಾರನ್ನೋ ಕೇಳಿ ಒಪ್ಪಿಕೊಂಡಂತೆ. ಮುನಿಶಾಮಪ್ಪ ಮತ್ತೆ ತಾನು ಮೀಟಿದ. ವಾ, ವಾ, ವಾ.

ಮೂರು ಕೈ ನೋಡಿದ್ದಾಯಿತು. ಮನೆಯದೂ ಸೇರಿ ನಾಲ್ಕು. ಡಬ್ಬಿ ಸರಿಯಿದೆ, ಸೆಟ್ಟಿಂಗ್ ಸರಿಯಿದೆ. ಹತ್ತು ವರ್ಷ ಗೇಜು ಹಿಡಿದವನಿಗೆ ಇನ್ನು ಉಳಿದದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಎರಡು ದಿನ ಕೊಡಣ್ಣಾ," ಎಂದ. "ರೀವರ್ಕ್ ಆಯ್ತದಾ ನೋಡ್ತೀನಿ."

ಕಾರ್ಖಾನೆಗೆ ಎರಡು ದಿನ ರಜೆ ಹಾಕಿ ಮಂಚದ ಮೇಲೆ ಕೂತ. ಗೋವಿಂದಮ್ಮ ಎದುರಿಗೆ ಹಲಸಂದೆಕಾಯಿ ಸುಲಿಯುತ್ತಾ ಮೇಷ್ಟರಾದಳು.

"ಸಿಟ್ಟು ಬರ್ಸ್ಕೊಳ್ಳಿ," ಎಂದಳು. "ನಿಮ್ಮಣ್ಣ ಬಾವಿ ಕಡೆ ಹೊಲ ಪೂರ್ತಿ ತಾನೇ ಬರ್ಸ್ಕೊಂಡ್ನಲ್ಲ. ಅದ್ನ ನೆನುಸ್ಕೊಂಡು ಹೊಡೀರಿ."

ನೆನೆಸಿಕೊಂಡ. ಅಣ್ಣನ ಮುಖ, ಹೊಲ, ಬಾವಿ, ಬಾವಿಯ ಪಕ್ಕದ ಹೊಂಗೆಮರ ಎಲ್ಲವೂ ಕಣ್ಣಿಗೆ ಬಂದವು. ಮೀಟಿದ. ವಾ.

"ಈ ಲೈನ್ ಮನೆ ಓನರ್ರು ನೀರು ನಿಲ್ಸಿದ್ದು?"

ವಾ.

"ಹೋಗ್ಲಿ, ನನ್ ಮ್ಯಾಲೆ ಸಿಟ್ ಮಾಡ್ಕೊಳ್ಳಿ. ಸ್ಟೌವಿನ ಬೊಟ್ಟು ಇಷ್ಟು ವರ್ಷದಲ್ಲಿ ಒಂದಿನಾನೂ ನಾನು ಲೆಕ್ಕಕ್ಕಿಟ್ಟಿಲ್ಲ. ಬೇಕ್ ಬೇಕಾದಂಗೆ ತಿರುಗ್ಸೀನಿ."

ಮುನಿಶಾಮಪ್ಪ ತಲೆಯೆತ್ತಿ ಅವಳನ್ನು ನೋಡಿದ. ಇದು ಅವನಿಗೆ ಹೊಸ ಸಂಗತಿ. ಸಿಟ್ಟು ಬರಲೇಬೇಕಾದ ಸಂಗತಿ. ಬರುತ್ತದೇನೋ ಎಂದು ತಂತಿ ಮೀಟುವ ಪಿಕ್ಕು ಎತ್ತಿ ಹಿಡಿದು ಕಾದ. ಬರಲಿಲ್ಲ. ಅಡುಗೆ ಚೆನ್ನಾಗಿಯೇ ಆಗುತ್ತಿತ್ತಲ್ಲ ಎಂದು ಮಾತ್ರ ಅನಿಸಿತು. ವಾ.

ಅವಳು ಸುಲಿಯುವುದನ್ನು ನಿಲ್ಲಿಸಿದಳು. ಆಮೇಲೆ ಧ್ವನಿ ತಗ್ಗಿಸಿ, "ಸಿಟ್ಟು ಬ್ಯಾಡ. ಮಾವನ್ನ ನೆನುಸ್ಕೊಳ್ಳಿ," ಎಂದಳು.

ಅಪ್ಪನನ್ನು ಹೊರಗೆ ತಂದು ಚಾಪೆಯ ಮೇಲೆ ಮಲಗಿಸಿದ್ದು, ಮೂಗಿಗೆ ಹತ್ತಿ ಇಟ್ಟದ್ದು, ಓರೆಯಾಗಿದ್ದ ಮೂಲೆ. ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡ. ಆ ದಿನ ಬಿಸಿಲು ಎಷ್ಟಿತ್ತು ಎನ್ನುವುದೂ ನೆನಪಾಯಿತು. ಕೈ ಎತ್ತಿದ. ಎಷ್ಟು ಎತ್ತರದಿಂದ ಇಳಿಯಬೇಕೋ ಅಷ್ಟೇ ಎತ್ತರದಿಂದ ಕೈ ಇಳಿಯಿತು. ಹೋದ ವರ್ಷದ ಕೈ, ಅದರ ಹಿಂದಿನ ವರ್ಷದ ಕೈ.

ಬೇಕೆಂದೇ ಜೋರಾಗಿ, ಬೇಕೆಂದೇ ಮೆತ್ತಗೆ ಹೊಡೆಯುವುದನ್ನೂ ಅಭ್ಯಾಸ ಮಾಡಿದ. ಒಂದು ಜೋರು, ಒಂದು ಮೆತ್ತಗೆ, ಒಂದು ಜೋರು, ಒಂದು ಮೆತ್ತಗೆ. ಆಗ ಡಬ್ಬಿ ವಾ ಉಂ ವಾ ಉಂ ಎಂದು ಗಡಿಯಾರದ ಹಾಗೆ ಒಂದೇ ಸಮ ಹೊಡೆದುಕೊಂಡಿತು. ಗೋವಿಂದಮ್ಮ ಸುಲಿದ ಕಾಳನ್ನು ತೆಗೆದುಕೊಂಡು ಒಳಗೆ ಹೋದಳು.

ಮೂರನೇ ದಿನ ಸಂಜೆ ಅಂಗಡಿಗೆ ಹೋಗಿ ಡಬ್ಬಿಯನ್ನು ಬಟ್ಟೆಗಳ ಮೇಲಿಟ್ಟ. ಜೇಬಿನಿಂದ ಕಾರ್ಖಾನೆಯ ಒಂದು ಕೆಂಪು ಚೀಟಿ ತೆಗೆದು ಶ್ಯಾಮಣ್ಣನಿಗೆ ಕೊಟ್ಟ. ಕ್ರಮಪ್ರಕಾರ ತುಂಬಿಸಿದ್ದ. ಭಾಗದ ಹೆಸರು: ಬಲಗೈ. ಸಂಖ್ಯೆ: ಒಂದು. ದೋಷ: ಏರಿಳಿತ ಇಲ್ಲ. ತೀರ್ಮಾನ: ತಿರಸ್ಕೃತ. ಕೆಳಗೆ ಸಹಿ.

ಶ್ಯಾಮಣ್ಣ ಎರಡು ಸಲ ಓದಿದ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

"ಇನ್ನೂ ಎರಡು ದಿನ ಐತಲ್ಲೋ ಮುನಿಶಾಮಿ. ಹಳದಿ ಚೀಟಿ ಕೊಟ್ಕೋ."

"ಹಳದಿ ಕೊಟ್ಟು ಟೈಮ್ ವೇಸ್ಟ್ ಮಾಡ್ಬಾರ್ದಣ್ಣಾ. ಬೆಂಗ್ಳೂರಿಗೆ ಫೋನ್ ಹಾಕು."

"ನಿಂಗೇನೂ ಅನ್ಸಲ್ವೇನ್ಲಾ?"

ಮುನಿಶಾಮಪ್ಪ ಪ್ರಾಮಾಣಿಕವಾಗಿ ಸ್ವಲ್ಪ ಹೊತ್ತು ಯೋಚಿಸಿ ನೋಡಿದ. "ಇಲ್ಲಣ್ಣಾ," ಎಂದ. ಆಮೇಲೆ ನೇರಳೆ ಕೋಟನ್ನು ಹೇಗೆ ಮಡಿಸಬೇಕೋ ಹಾಗೆ ಮಡಿಸಿ ಕಟ್ಟಿ ತಂದಿದ್ದ ಪೊಟ್ಟಣವನ್ನೂ ಮೇಜಿನ ಮೇಲಿಟ್ಟ.

ಬೆಂಗಳೂರಿನಿಂದ ಬಂದವನ ಹೆಸರು ಮುನಿಯಪ್ಪ. ಆದರೆ ಅವನ ಕಾರ್ಡಿನ ಮೇಲೆ ಮೋನಿ ಎಂದಿತ್ತು. ಮುನಿಶಾಮಪ್ಪನ ಕೋಟು ಅವನಿಗೆ ಭುಜದಲ್ಲಿ ಬಿಗಿಯಾಯಿತು, ಶ್ಯಾಮಣ್ಣ ಒಂದು ಗಂಟೆಯಲ್ಲಿ ಬಿಚ್ಚಿ ಹೊಲಿದುಕೊಟ್ಟ. ಕೆಂಪು ಬೊಟ್ಟನ್ನು ಕಂಡು ಮೋನಿ, "ಯಾರ್ರೀ ಇದು, ಡಬ್ಬಿಗೆ ಸೀಮಂತ ಮಾಡಿರೋದು?" ಎಂದು ನಕ್ಕು ಉಗುರಿನಿಂದ ಬಣ್ಣ ಕೆರೆದ. ತಿರುಗಣೆಯನ್ನು ಅತ್ತ ಇತ್ತ ತಿರುಗಿಸಿ, ಹತ್ತು ಮೀಟು ಮೀಟಿ, ಕೊನೆಗೆ ಹತ್ತು ಗಂಟೆಗೂ ಒಂದೂವರೆಗೂ ತಂದು ನಿಲ್ಲಿಸಿದನಂತೆ. ಇದನ್ನು ಶ್ಯಾಮಣ್ಣ ಬಂದು ಮುನಿಶಾಮಪ್ಪನಿಗೆ ಹೇಳಿದ, ಸಂತೋಷವಾಗಲಿ ಎಂದು. ಆಗಲಿ ಎಂದ ಮುನಿಶಾಮಪ್ಪ.

ಮದುವೆಯ ರಿಸೆಪ್ಷನ್ನಿಗೆ ಅವನನ್ನೂ ಗೋವಿಂದಮ್ಮನನ್ನೂ ಶ್ಯಾಮಣ್ಣ ಒತ್ತಾಯ ಮಾಡಿ ವ್ಯಾನಿನಲ್ಲಿ ಕೂರಿಸಿಕೊಂಡು ಹೋದ. ಕೃಷ್ಣಗಿರಿಯ ಛತ್ರದ ಅಂಗಳದಲ್ಲಿ ಶಾಮಿಯಾನ, ಸಂಜೆ ಏಳಕ್ಕೆಲ್ಲ ಜನ ತುಂಬಿತ್ತು. ಮುನಿಶಾಮಪ್ಪ ಆರನೇ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಕೂತ. ಈ ಪಾರ್ಟಿಯನ್ನು ಎದುರಿನಿಂದ ನೋಡುತ್ತಿರುವುದು ಇದೇ ಮೊದಲು. ಎಂಟು ನೇರಳೆ ಕೋಟುಗಳು ದೀಪದ ಬೆಳಕಿನಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗುತ್ತವೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಮೋನಿ ಮಾತಾಡಿಸಿದ. ಹಾಡಿನ ಮಧ್ಯೆ ಡಬ್ಬಿಯ ಗುಂಡಿ ಒತ್ತಿ ತಂತಿ ಎಳೆದರೆ ಗಿಟಾರು ಅತ್ತಿತು, ಗದರಿತು, ಮುದುಕರ ಹಾಗೆ ಗೊಣಗಿತು. ಮಾವಿನ ಮಂಡಿಯ ರಾಮಕೃಷ್ಣಪ್ಪನವರು ಮೊದಲನೇ ಸಾಲಿನಲ್ಲಿ ಬಂಧುಗಳ ಕಡೆ ತಿರುಗಿ, ತಾವೇ ಅದನ್ನು ಮಾಡಿಸಿದಂತೆ ತಲೆದೂಗಿದರು. ಜನ ಸಿಳ್ಳೆ ಹಾಕಿದರು. ಸಿಳ್ಳೆ ಮುಗಿದು ಮುಂದಿನ ಚರಣ ಬಂದಾಗ ಮೋನಿ ಡಬ್ಬಿ ಆರಿಸಿ, ಎರಡನೇ ಸಾಲಿಗೆ ಸರಿದು, ಬರೀ ತಾಳಕ್ಕೆ ಮೀಟತೊಡಗಿದ. ಕೈ ಜಗ್-ಚಕ್ ಎಂದು ಆಡುತ್ತಿರುವುದು ಕಾಣುತ್ತಿತ್ತು.

ಕೇಳಿಸುತ್ತಿರಲಿಲ್ಲ.

ಮುನಿಶಾಮಪ್ಪ ಮುಂದಕ್ಕೆ ಬಗ್ಗಿದ. ಕೈ ಆಡುತ್ತಿದೆ, ಶಬ್ದ ಇಲ್ಲ. ಡ್ರಮ್ಮು ಕೇಳಿಸುತ್ತಿದೆ, ಅಕಾರ್ಡಿಯನ್ ಕೇಳಿಸುತ್ತಿದೆ, ಶ್ಯಾಮಣ್ಣನ ಕೆಮ್ಮೂ ಕೇಳಿಸುತ್ತಿದೆ. ಎರಡನೇ ಹಾಡಿಗೂ ಹಾಗೆಯೇ. ಮೂರನೆಯದಕ್ಕೂ. ಎದ್ದು ಶಾಮಿಯಾನದ ಅಂಚಿನಲ್ಲಿ ನಡೆದು, ಸ್ಟೇಜಿನ ಪಕ್ಕ ಮೈಕ್ ಸೆಟ್ಟಿನ ಮುಂದೆ ಕೂತಿದ್ದ ಅಂಜನಪ್ಪನ ಹತ್ತಿರ ಹೋದ.

"ಅಂಜನಪ್ಪಾ, ತಾಳದ ಗಿಟಾರು ಹೊರಕ್ಕೆ ಬತ್ತಾನೇ ಇಲ್ವಲ್ಲಪ್ಪ."

"ಯಾವ್ದು, ಜಗ್-ಚಕ್ಕಾ?" ಅಂಜನಪ್ಪ ಬೀಡಿಯನ್ನು ಕಿವಿಯ ಮೇಲಿಂದ ತೆಗೆದ. "ಡಬ್ಬಿ ಮಾತಾಡೋವಾಗ ವಾಲ್ಯೂಮ್ ಏರುಸ್ತೀನಿ, ಅದಕ್ಕೆ ಮತ್ತೆ ಒಂದನೇ ನಂಬರಿಗೆ ಇಳುಸ್ತೀನಿ. ಯಾವಾಗ್ಲೂ ಅಷ್ಟೇ ಇಡೋದು."

"ಯಾವಾಗ್ಲೂ ಅಂದ್ರೆ?"

"ಮೊದ್ಲಿಂದ. ನೀನಿದ್ದಾಗಿಂದ. ಹಾಡೋರ್ ಮೈಕಿಗೆ ಅಡ್ಡ ಬತ್ತದೆ ಅಂತ ಒಂದ್ಸಲ ಶ್ಯಾಮಣ್ಣ ಇಳಿಸು ಅಂದ, ಇಳಿಸ್ದೆ. ಏರ್ಸು ಅಂತ ಯಾರೂ ಹೇಳ್ಲಿಲ್ಲ."

ಸ್ಟೇಜಿನ ಮೇಲೆ ಹಾಡು ನಡೆದೇ ಇತ್ತು. ಆರ್ಕೆಸ್ಟ್ರಾದೊಳಗೆ ನಿಂತು ಮೀಟುವವನಿಗೆ ಪಕ್ಕದಲ್ಲಿರುವ ತನ್ನ ಆಂಪ್ಲಿಫೈಯರ್ ಕೇಳಿಸುತ್ತದೆ, ಜನರ ಕಡೆ ತಿರುಗಿಸಿದ ಸ್ಪೀಕರಿನ ಹಾರ್ನು ಕೇಳಿಸುವುದಿಲ್ಲ. ಇದು ಮುನಿಶಾಮಪ್ಪನಿಗೆ ಗೊತ್ತಿದ್ದ ವಿಷಯವೇ, ಅದರ ಬಗ್ಗೆ ಯೋಚಿಸಿರಲಿಲ್ಲ ಅಷ್ಟೆ. ಒಂಬತ್ತು ವರ್ಷ, ವರ್ಷಕ್ಕೆ ಇಪ್ಪತ್ತು ಮದುವೆ. ಒಂದು ಕೂದಲೆಳೆ ವ್ಯತ್ಯಾಸವಿಲ್ಲದ ಮೀಟು.

"ಈಗ ಏರ್ಸು," ಎಂದ. "ಮೂರಕ್ಕೆ ಹಾಕು. ಮೂರು ಜಾಸ್ತಿ ಆಯ್ತು. ಎರಡೂವರೆ."

ಅಂಜನಪ್ಪ ತಿರುಗಿಸಿದ. ಹಾರ್ನಿನಿಂದ ಜಗ್-ಚಕ್ ಜಗ್-ಚಕ್ ಎಂದು ಹೊರಬಿತ್ತು, ಶಾಮಿಯಾನದ ಕೊನೆಯವರೆಗೂ. ಹಾಡು ಇದ್ದಕ್ಕಿದ್ದಂತೆ ನೆಲದ ಮೇಲೆ ಕಾಲೂರಿ ನಿಂತಂತಾಯಿತು. ಮುಂದಿನ ಸಾಲಿನ ಒಬ್ಬ ಮುದುಕ ತೊಡೆಯ ಮೇಲೆ ತಾಳ ಹಾಕತೊಡಗಿದ. ಮೋನಿಯ ಮೀಟು ಅಷ್ಟೇನೂ ಸಮ ಇರಲಿಲ್ಲ, ಎರಡು ಕಡೆ ಮುಂದಕ್ಕೆ ಓಡಿತು. ಮುನಿಶಾಮಪ್ಪ ಅದನ್ನು ಗಮನಿಸಿದ. ಹಾಡು ಮುಗಿಯುವ ತನಕ ನಿಂತು ಕೇಳಿದ.

ಗೋವಿಂದಮ್ಮ ಬಂದು ತೋಳು ಹಿಡಿದು ಎಳೆದಳು. ಊಟದ ಮನೆಯಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಆರ್ಕೆಸ್ಟ್ರಾದವರಿಗೆ ಯಾವಾಗಲೂ ಎಲ್ಲರದೂ ಆದ ಮೇಲೆ, ಕೊನೆಯ ಪಂಕ್ತಿ. ಅಷ್ಟು ಹೊತ್ತಿಗೆ ಸಾರು ಆರಿ ಹೋಗಿರುತ್ತಿತ್ತು. ಮುನಿಶಾಮಪ್ಪ ನೆಂಟರ ಸಾಲಿನಲ್ಲಿ ಕೂತ. ಬಡಿಸುವವನು ಅನ್ನದ ಗುಂಡಿಗೆ ಸಾರು ಹುಯ್ದ. ಮುನಿಶಾಮಪ್ಪ ಬೆರಳಿಟ್ಟ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡ.

"ಏನಾಯ್ತು?" ಎಂದಳು ಗೋವಿಂದಮ್ಮ.

"ಬಿಸಿ ಐತೆ," ಎಂದ. ಊದಿಕೊಂಡು ತಿಂದ.